ಲೈನ್‌ಬ್ಯಾಕರ್ ಹೇಳಿದ ಐದು ಪದಗಳು

ಸೌತ್ ಕ್ಯಾರೊಲೈನಾದ ಆ ಕಾಲೇಜಿನಲ್ಲಿ ಕೆಲಸಕ್ಕೆ ಸೇರಿದ ಮೊದಲ ದಿನ ನನ್ನ ಕೈಗೊಂದು ಬ್ಯಾಟರಿ ಸ್ಕ್ರೂಡ್ರೈವರ್ ಕೊಟ್ಟರು. ಅಮೆರಿಕನ್ ಫುಟ್‌ಬಾಲ್ ಆಟಗಾರ ಪ್ರಜ್ಞೆ ತಪ್ಪಿ ಬಿದ್ದರೆ ಅವನ ಕತ್ತು ಅಲುಗದಂತೆ ಹೆಲ್ಮೆಟ್ಟಿನ ಮುಂದಿನ ಜಾಲರಿಯನ್ನು ಬಿಚ್ಚಬೇಕಂತೆ. ಅಭ್ಯಾಸಕ್ಕೆಂದು ಒಬ್ಬ ಆಜಾನುಬಾಹುವನ್ನು ಹುಲ್ಲಿನ ಮೇಲೆ ಮಲಗಿಸಿದ್ದರು. ಅವಸರದಲ್ಲಿ ತಿರುಪು ಬಿಚ್ಚುತ್ತಿದ್ದಾಗ ಜಾಲರಿಯ ಒಳಗಿನಿಂದ ದನಿ ಬಂತು: “ನಿಧಾನ ಮ್ಯಾಮ್, ನಾನಿನ್ನೂ ಸತ್ತಿಲ್ಲ.”

ಅವನೇ ಕ್ಯಾಲ್ವಿನ್.

ನಾನು ಮೈಸೂರಿನಲ್ಲಿ ಫಿಸಿಯೋಥೆರಪಿ ಓದಿದವಳು. ಮದುವೆಯಾಗಿ ವರ್ಜೀನಿಯಾದ ಸೆಂಟರ್‌ವಿಲ್‌ಗೆ ಬಂದೆ. ಕೆಲಸ ಮಾಡುವಂತಿಲ್ಲದ ವೀಸಾದಲ್ಲಿ ಮನೆಯಲ್ಲೇ ಕುಳಿತು ಸಾಕಾಗಿ ಮತ್ತೆ ಓದಿದೆ. ಕೊನೆಗೆ ಸಿಕ್ಕಿದ ಕೆಲಸ ಇದು: ಕಾಲೇಜು ಆಟಗಾರರ ಗಾಯ ನೋಡಿಕೊಳ್ಳುವ ಟ್ರೈನರ್. ಗಂಡ ರಘು ಅಲ್ಲಿಯೇ ಉಳಿದ. ನಡುವೆ ಎಂಟು ಗಂಟೆಯ ದಾರಿ. ಸೆಂಟರ್‌ವಿಲ್‌ನಲ್ಲಿ ಶನಿವಾರ ಬಂತೆಂದರೆ ಯಾರದೋ ಮನೆಯ ಸತ್ಯನಾರಾಯಣ ಪೂಜೆ, ಬಿಸಿಬೇಳೆಬಾತ್, ಗ್ರೀನ್ ಕಾರ್ಡಿನ ಮಾತು. ಇಲ್ಲಿ ವಾರಗಟ್ಟಲೆ ಬಾಯಲ್ಲಿ ಕನ್ನಡವಿಲ್ಲ. ಕರಿಬೇವು ಬೇಕೆಂದರೆ ಅಟ್ಲಾಂಟಾ ಪಕ್ಕದ ಡುಲುತ್‌ವರೆಗೆ ಡ್ರೈವ್ ಮಾಡಬೇಕು.

ಇಂಗ್ಲಿಷ್ ಬರುತ್ತದೆಂಬ ನನ್ನ ನಂಬಿಕೆಯೂ ಅಲ್ಲಿ ಉಳಿಯಲಿಲ್ಲ. ಹೊರಡುವವರೆಲ್ಲ “ಫಿಕ್ಸಿನ್ ಟು” ಎನ್ನುತ್ತಿದ್ದರು. ಏನನ್ನು ರಿಪೇರಿ ಮಾಡುತ್ತಾರೆಂದು ನಾನು ಹುಡುಕುತ್ತಿದ್ದೆ. ‘ಇನ್ನೇನು ಮಾಡಲಿದ್ದೇನೆ’ ಎಂಬುದಕ್ಕೆ ದಕ್ಷಿಣದವರ ಮಾತು ಅದು ಎಂದು ತಿಳಿಸಿದವನು ಕ್ಯಾಲ್ವಿನ್. ದಿನಾ ಮಧ್ಯಾಹ್ನ ಪಾದದ ಗಂಟಿಗೆ ಟೇಪ್ ಸುತ್ತಿಸಿಕೊಳ್ಳಲು ಬರುತ್ತಿದ್ದ. ಒಂದು ದಿನ ನಾನೇ “ಐಯಾಮ್ ಫಿಕ್ಸಿನ್ ಟು ಟೇಪ್ ಯೂ” ಎಂದಾಗ ಕೋಣೆಯಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಅಮೆರಿಕದಲ್ಲಿ ನಾನು ಗೆದ್ದ ಮೊದಲ ಪಂದ್ಯ ಅದು.

ಆಟವನ್ನೂ ಅವನೇ ಕಲಿಸಿದ. ಟೇಪಿನ ಸುರುಳಿಗಳನ್ನು ಮೇಜಿನ ಮೇಲೆ ಸಾಲಾಗಿಟ್ಟು, ಮುಂದಿನ ಸಾಲಿನ ಹಿಂದೆ ಒಂದನ್ನು ನಿಲ್ಲಿಸಿ, “ಇದು ನಾನು, ಲೈನ್‌ಬ್ಯಾಕರ್. ಚೆಂಡು ಹಿಡಿದು ಯಾರು ಬಂದ್ರೂ ಓಡಿ ಹೋಗಿ ಗುದ್ದಿ ಕೆಡವೋದು” ಎಂದ. ಕಬಡ್ಡಿಯಲ್ಲಿ ರೈಡರನ್ನು ಹಿಡಿದು ಕೆಡಹುವವನಂತೆ ಎಂದುಕೊಂಡೆ. ಆದರೆ ಕಬಡ್ಡಿಯವರು ಅಷ್ಟು ದೂರದಿಂದ ಓಡಿ ಬರುವುದಿಲ್ಲ.

ಕ್ಯಾಲ್ವಿನ್ ಮೊದಲು ಸೇರಿದ್ದು ಅಟ್ಲಾಂಟಾದ ಒಂದು ಕಾಲೇಜಿಗೆ, ಕೋವಿಡ್ ವರ್ಷದಲ್ಲಿ. ಖಾಲಿ ಗ್ಯಾಲರಿಯ ಮುಂದೆ ಆಡಿದ್ದ. ಮರುವರ್ಷ ಮಂಡಿಗೆ ಆಪರೇಷನ್ ಆಯಿತು. ಬೆಂಚಿನ ಮೇಲೆ ಕೂತು ಬೇಸತ್ತು ಇಲ್ಲಿಗೆ ಬಂದ. ಈಗ ತಂಡದ ಮುಖ್ಯ ಲೈನ್‌ಬ್ಯಾಕರ್. ಕಾಲೇಜಿನಲ್ಲಿ ಇದೇ ಕೊನೆಯ ವರ್ಷ. ದೊಡ್ಡ ವೃತ್ತಿಪರ ತಂಡಗಳವರು ಅವನನ್ನು ನೋಡಲು ಬರತೊಡಗಿದ್ದರು.

ಒಮ್ಮೆ ಟೇಪ್ ಸುತ್ತಿಸಿಕೊಳ್ಳುತ್ತಾ ಹೇಳಿದ: “ಅಟ್ಲಾಂಟಾದಲ್ಲಿ ಒಂದು ಮ್ಯಾಚಿನ ಅರ್ಧ ಭಾಗ ನಂಗೆ ನೆನಪೇ ಇಲ್ಲ. ವಿಡಿಯೋ ನೋಡಿದ್ಮೇಲೆ ಗೊತ್ತಾಯ್ತು, ಆಡಿದ್ದೆ ಅಂತ. ಯಾರಿಗೂ ಹೇಳಿಲ್ಲ.” ಹೇಳಿ ನಕ್ಕ. ನಾನೂ ನಕ್ಕುಬಿಟ್ಟೆ. ಇವತ್ತಿಗೂ ನನಗೆ ನಾಚಿಕೆಯೆನಿಸುವುದು ಆ ನಗು.

ಸೀಸನ್ ಮುಗಿಯಲು ಮೂರು ಆಟ ಬಾಕಿಯಿತ್ತು. ಅಭ್ಯಾಸದಲ್ಲಿ ಕ್ಯಾಲ್ವಿನ್ ಒಬ್ಬನನ್ನು ಗುದ್ದಿ ಕೆಡವಿ, ಎದ್ದು, ನೇರ ಎದುರು ಬದಿಯಲ್ಲಿ ಆಡುತ್ತಿದ್ದವರ ಗುಂಪಿಗೆ ಹೋಗಿ ನಿಂತ. ಯಾರೋ ನಕ್ಕರು. ನಾನು ಅವನನ್ನು ಒಳಗೆ ಕರೆದುಕೊಂಡು ಹೋದೆ. ತಲೆಗೆ ಪೆಟ್ಟಾಗಿದೆಯೇ ಎಂದು ತಿಳಿಯಲು ಒಂದು ಪರೀಕ್ಷೆಯಿದೆ: ಐದು ಪದಗಳನ್ನು ಓದಿ ಹೇಳುತ್ತೇವೆ, ಸ್ವಲ್ಪ ಹೊತ್ತಿನ ನಂತರ ಅವರು ಅವನ್ನೇ ತಿರುಗಿ ಹೇಳಬೇಕು.

“ಸೇತುವೆ, ಬೆಣ್ಣೆ, ಕನ್ನಡಿ, ಕುದುರೆ, ಗುಂಡಿ” ಎಂದು ಅವನು ತಡವರಿಸದೆ ಹೇಳಿ, ಪಾಸಾದವನಂತೆ ನನ್ನನ್ನು ನೋಡಿದ.

ಆ ದಿನ ನಾನು ಓದಿದ ಪದಗಳು ಅವಲ್ಲ. ಅವು ಸೀಸನ್ನಿನ ಆರಂಭದಲ್ಲಿ ಎಲ್ಲರಿಗೂ ಮಾಡಿದ ಪರೀಕ್ಷೆಯವು. ಮುಂದೆ ಬೇಕಾಗಬಹುದೆಂದು ಅವನು ಬಾಯಿಪಾಠ ಮಾಡಿಟ್ಟುಕೊಂಡಿದ್ದ. ಹತ್ತು ನಿಮಿಷದ ಹಿಂದೆ ಕೇಳಿದ್ದರಲ್ಲಿ ಒಂದೂ ಅವನ ತಲೆಯಲ್ಲಿ ನಿಂತಿರಲಿಲ್ಲ.

ನನ್ನ ಮುಖ ನೋಡಿ ಅವನಿಗೆ ಗೊತ್ತಾಯಿತು.

“ಮೂರೇ ಆಟ ಮ್ಯಾಮ್. ಆಮೇಲೆ ಏನ್ ಬೇಕಾದ್ರೂ ಬರ್ಕೊಳ್ಳಿ.”

“ಡಾಕ್ಟರಿಗೆ ಹೇಳ್ಲೇಬೇಕು ಕ್ಯಾಲ್ವಿನ್.”

“ಇವತ್ತಿಂದು ಹೇಳಿ. ಅಟ್ಲಾಂಟಾದ್ದು ಬೇಡ. ಅದನ್ನ ನಾನು ಟ್ರೈನರ್‌ಗೆ ಹೇಳಿದ್ದಲ್ಲ, ಫ್ರೆಂಡ್‌ಗೆ ಹೇಳಿದ್ದು.”

ಇವತ್ತಿನ ಪೆಟ್ಟನ್ನಷ್ಟೇ ಬರೆದರೆ ಒಂದೆರಡು ವಾರ ವಿಶ್ರಾಂತಿ. ಕೊನೆಯ ಆಟಕ್ಕೆ ಮರಳಬಹುದು. ಹಳೆಯದನ್ನೂ ಬರೆದರೆ, ತಲೆಗೆ ಪದೇ ಪದೇ ಪೆಟ್ಟಾಗಿದೆಯೆಂದು ಬಹುಶಃ ಅವನ ಆಟವೇ ಮುಗಿಯುತ್ತದೆ. ಸಂಜೆ ರಘುವಿಗೆ ಫೋನ್ ಮಾಡಿದೆ.

“ಇವತ್ತಿನ ಟೆಸ್ಟ್ ರಿಪೋರ್ಟ್ ಮಾಡು, ಅದು ನಿನ್ನ ಡ್ಯೂಟಿ” ಎಂದ ರಘು. “ಹಳೇದನ್ನ ಯಾಕೆ ಕೆದಕ್ತೀಯ? ಕೋಚ್‌ನ ಎದುರು ಹಾಕ್ಕೊಂಡ್ರೆ ಕಾಂಟ್ರ್ಯಾಕ್ಟ್ ರಿನ್ಯೂ ಆಗುತ್ತಾ? ನಿನ್ನ ವೀಸಾ ಆ ಜಾಬ್ ಮೇಲೇ ನಿಂತಿರೋದು, ನೆನಪಿದೆಯಾ?”

ನೆನಪಿತ್ತು. ಇನ್ನೊಂದು ಸಂಗತಿಯೂ ನೆನಪಿತ್ತು. ಅದನ್ನು ರಘುವಿಗೆ ಯಾವತ್ತೂ ಹೇಳಿರಲಿಲ್ಲ. ಮೈಸೂರಿನಲ್ಲಿ ನಾನು ಫಿಸಿಯೋ ಆಗಿ ಹೋಗಿದ್ದ ಒಂದು ಕಬಡ್ಡಿ ಪಂದ್ಯದಲ್ಲಿ ಹುಡುಗಿಯೊಬ್ಬಳ ತಲೆ ಇನ್ನೊಬ್ಬಳ ಮೊಣಕಾಲಿಗೆ ಬಡಿದಿತ್ತು. ಮುಖಕ್ಕೆ ನೀರು ಚಿಮುಕಿಸಿ, ಹಣೆಗೆ ಬಟ್ಟೆ ಕಟ್ಟಿ, “ಆಡ್ತೀಯೇನಮ್ಮಾ?” ಎಂದೆ. ತಲೆಯಾಡಿಸಿದಳು. ಒಳಗೆ ಕಳಿಸಿದೆ. ತಂಡ ಗೆದ್ದಿತು, ನನಗೊಂದು ಶಾಲು ಹೊದಿಸಿದರು. ಆ ಹುಡುಗಿ ಆಮೇಲೆ ಏನಾದಳೆಂದು ನಾನು ವಿಚಾರಿಸಲೇ ಇಲ್ಲ.

ಎರಡನ್ನೂ ಬರೆದೆ.

ವಾರದೊಳಗೆ ಕ್ಯಾಲ್ವಿನ್ ಇನ್ನು ಆಡುವಂತಿಲ್ಲವೆಂದು ಡಾಕ್ಟರು ತೀರ್ಮಾನಿಸಿದರು. ತನ್ನ ಲಾಕರ್ ಖಾಲಿ ಮಾಡಲು ಬಂದವನು ಕೋಣೆಯಲ್ಲಿದ್ದ ಎಲ್ಲರ ಕೈ ಕುಲುಕಿದ. ನನ್ನ ಹತ್ತಿರ ಬಂದು, “ಥ್ಯಾಂಕ್ಸ್ ಫಾರ್ ದ ಟೇಪ್” ಎಂದ. ಯಾವತ್ತೂ ತಪ್ಪದ ‘ಮ್ಯಾಮ್’ ಆ ದಿನ ಇರಲಿಲ್ಲ.

ತವರಿನ ಮೈದಾನದ ಕೊನೆಯ ಆಟದಂದು, ಓದು ಮುಗಿಸುವ ಆಟಗಾರರು ತಾಯಂದಿರ ಕೈ ಹಿಡಿದು ಮೈದಾನಕ್ಕೆ ಬರುವ ಸಂಪ್ರದಾಯವಿದೆ. ಕ್ಯಾಲ್ವಿನ್ ಕೋಟು ಹಾಕಿಕೊಂಡು ಬಂದ. ಆಟದ ನಡುವೆ ಅವನ ತಾಯಿ ನನ್ನನ್ನು ಹುಡುಕಿಕೊಂಡು ಬಂದರು. ಬೈಯುತ್ತಾರೆಂದು ಕಾದೆ.

“ಮನೇಲಿ ಒಲೆ ಹಚ್ಚಿ ಮರ್ತುಬಿಡ್ತಾನೆ” ಎಂದರು. “ಎರಡು ವರ್ಷದಿಂದ. ಯಾಕೆ ಅಂತ ನಂಗೆ ಗೊತ್ತಿತ್ತು, ಡಿಯರ್. ನಾನೂ ಬಾಯಿ ಬಿಡ್ಲಿಲ್ಲ.” ಬೇರೇನೂ ಹೇಳದೆ, ಮಗ ಕೂತಿದ್ದ ಕಡೆ ನಡೆದರು.

ನನ್ನ ಕಾಂಟ್ರ್ಯಾಕ್ಟ್ ರಿನ್ಯೂ ಆಯಿತು, ಆದರೆ ಫುಟ್‌ಬಾಲ್‌ನಿಂದ ತೆಗೆದು ಹೆಂಗಸರ ವಾಲಿಬಾಲ್‌ಗೆ ಹಾಕಿದರು. ಕ್ಯಾಲ್ವಿನ್ ಅಟ್ಲಾಂಟಾದ ಗೋದಾಮೊಂದರಲ್ಲಿ ಸೂಪರ್‌ವೈಸರ್ ಆಗಿದ್ದಾನೆಂದು ಕೇಳಿದೆ. ಹೊಸ ವರ್ಷಕ್ಕೊಂದು ಮೆಸೇಜ್ ಕಳಿಸಿದ್ದೆ. ಓದಿದ್ದಾನೆ, ಉತ್ತರ ಬಂದಿಲ್ಲ. ಮಾಡಿದ್ದು ಸರಿಯೆಂದು ನನ್ನ ಬುದ್ಧಿ ಹೇಳುತ್ತದೆ. ಅಷ್ಟರಿಂದ ಸಮಾಧಾನವೇನೂ ಆಗಿಲ್ಲ.

ಹೋದ ಶನಿವಾರ ಮಧ್ಯಾಹ್ನ ಅಮ್ಮನ ಜೊತೆ ವಿಡಿಯೋ ಕಾಲ್‌ನಲ್ಲಿದ್ದೆ. ನನ್ನ ಅಪಾರ್ಟ್‌ಮೆಂಟಿನಿಂದ ಸ್ಟೇಡಿಯಂ ಒಂದು ಮೈಲಿಯೂ ಇಲ್ಲ. ಕಿಟಕಿಯಾಚೆ ಊರಿಗೆ ಊರೇ ಕೂಗುತ್ತಿತ್ತು.

“ಅದೇನೇ ಗಲಾಟೆ, ಮೆರವಣಿಗೆನಾ?” ಎಂದಳು ಅಮ್ಮ.

“ಇಲ್ಲಮ್ಮಾ, ನಮ್ಮವರ ಮ್ಯಾಚಿದೆ.”

“ನಮ್ಮವರು ಅಂದ್ರೆ?”

ಅಷ್ಟರಲ್ಲಿ ಕೂಗು ಥಟ್ಟನೆ ನಿಂತಿತು. ಮೈದಾನದಲ್ಲಿ ಯಾರೋ ಬಿದ್ದು ಎದ್ದಿಲ್ಲವೆಂದು ನನಗೆ ತಿಳಿಯಿತು. ಅಮ್ಮ ಮತ್ತೆ ಅದನ್ನೇ ಕೇಳುತ್ತಿದ್ದಳು. ನಾನು ಫೋನ್ ಹಿಡಿದುಕೊಂಡೇ ಕಿಟಕಿಯ ಬಳಿ ಹೋಗಿ, ಬಿದ್ದವನು ಎದ್ದಾಗ ಜನ ತಟ್ಟುವ ಚಪ್ಪಾಳೆಯನ್ನೇ ಕಾಯುತ್ತಾ ನಿಂತೆ.