ಮರಳಿನ ಜೀಪಿಗೆ ಹೊಸ ಬ್ಯಾಟರಿ

ಎರಡು ವರ್ಷಗಳ ಹಿಂದಿನ ಚಳಿಗಾಲದಲ್ಲಿ ನಾನು ಕಾಶಿಯಲ್ಲಿ, ಕರ್ನಾಟಕ ಮೂಲದ ಒಂದು ಮಠದ ಗೋಶಾಲೆಯಲ್ಲಿ ಯಂತ್ರಗಳ ಉಸ್ತುವಾರಿಯಾಗಿದ್ದೆ. ದೊಡ್ಡ ಹುದ್ದೆಯೇನಲ್ಲ. ಪಂಪ್‌ಸೆಟ್‌ಗಳು, ಒಂದು ಜನರೇಟರ್, ಒಂದು ಹಳೆಯ ಫೋರ್ ವ್ಹೀಲ್ ಡ್ರೈವ್ ಡೀಸೆಲ್ ಜೀಪು, ಇಷ್ಟೇ ನನ್ನ ವಶದಲ್ಲಿದ್ದವು. ಅದಕ್ಕೂ ಮೊದಲು ಗದಗ ಕಡೆಯ ಬಸ್ ಡಿಪೋ ಒಂದರಲ್ಲಿ ಎಲೆಕ್ಟ್ರಿಕಲ್ ವಿಭಾಗದ ಫೋರ್‌ಮನ್ ಆಗಿದ್ದು ನಿವೃತ್ತನಾಗಿದ್ದೆ. ಮಠದ ಸ್ವಾಮಿಗಳು, ನಾವು ಅಜ್ಜಾರು ಎನ್ನುತ್ತಿದ್ದವರು, ಕರೆದರೆಂದು ಬಂದವನು ಅಲ್ಲಿಯೇ ಉಳಿದಿದ್ದೆ.

ಗೋಶಾಲೆ ಇದ್ದದ್ದು ಗಂಗೆಯ ಆಚೆ ದಡದಲ್ಲಿ. ಡಾಂಬರು ರಸ್ತೆಯಿಂದ ಇಳಿದರೆ ಬರೀ ಮರಳು. ಆಟೋ, ಇ-ರಿಕ್ಷಾ, ಆಂಬುಲೆನ್ಸ್ ಎಲ್ಲವೂ ರಸ್ತೆಯ ಬದಿಗೇ ನಿಂತುಬಿಡುತ್ತವೆ. ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ ಹಂಚುವ ನಮ್ಮ ಜೀಪು ಮಾತ್ರ ಆ ಮರಳನ್ನು ದಾಟುತ್ತಿತ್ತು.

ಆ ಜೀಪಿನ ಮುಖ್ಯ ಕೆಲಸ ರುದ್ರಯ್ಯನವರನ್ನು ಆಸ್ಪತ್ರೆಗೆ ಒಯ್ಯುವುದಾಗಿತ್ತು. ಹರೆಯದಲ್ಲಿ ಹಿಂದಿನ ಸ್ವಾಮಿಗಳ ಜೊತೆ ಕಾಶಿಗೆ ಬಂದು, ಬಾಳೆಲ್ಲ ದನ ಕಾಯ್ದ ಜಂಗಮರು. ಅವರ ಎರಡೂ ಕಿಡ್ನಿ ಸೋತಿದ್ದವು. ವಾರಕ್ಕೆ ಎರಡು ಸಲ ಕಾಶಿಯ ಲಂಕಾ ಎಂಬ ಬಡಾವಣೆಯ ಹತ್ತಿರದ ಒಂದು ಆಸ್ಪತ್ರೆಯಲ್ಲಿ ಡಯಾಲಿಸಿಸ್, ಅಂದರೆ ಯಂತ್ರದಿಂದ ರಕ್ತ ಶುದ್ಧಿ ಮಾಡಿಸಬೇಕಿತ್ತು. ಮಠದಲ್ಲೇ ಇರಲಿ ಎಂದು ಅಜ್ಜಾರು ಅವರನ್ನು ಊರೊಳಗೆ ಕರೆಸಿಕೊಂಡದ್ದೂ ಉಂಟು. ಗಲ್ಲಿಯ ಕೋಣೆಯಲ್ಲಿ ಅವರಿಗೆ ಊಟ ಸೇರಲಿಲ್ಲ, ನಿದ್ದೆ ಬರಲಿಲ್ಲ. ದನಗಳ ಹತ್ತಿರ ಬಿಡ್ರಿ ಎಂದು ಹಟ ಹಿಡಿದು ವಾಪಸ್ಸು ಬಂದರು. ಅಂದಿನಿಂದ ಮಂಗಳವಾರ, ಶುಕ್ರವಾರ ಬೆಳಿಗ್ಗೆ ನಾನು ಜೀಪು ಬಿಡುತ್ತಿದ್ದೆ. ಅವರ ಮಗಳು ಪುಷ್ಪಾ ಜೊತೆಗಿರುತ್ತಿದ್ದಳು. ಅವಳು ಲಂಕಾದ ಒಂದು ಕೋಚಿಂಗ್ ಸೆಂಟರಿನಲ್ಲಿ ಪಾಠ ಹೇಳುತ್ತಿದ್ದಳು. ಹುಟ್ಟಿದ್ದು ಬೆಳೆದದ್ದು ಕಾಶಿಯಲ್ಲೇ ಆದ್ದರಿಂದ ಅವಳ ಬಾಯಿಗೆ ಹಿಂದಿಯೇ ಮೊದಲು ಬರುತ್ತಿತ್ತು.

ಜನವರಿಯ ಒಂದು ಮಂಗಳವಾರ. ಎದುರಿನ ಗೋದಲಿಯೂ ಕಾಣದಷ್ಟು ಮಂಜು. ರುದ್ರಯ್ಯನವರು ಕಂಬಳಿ ಹೊದ್ದು ಜೀಪಿನಲ್ಲಿ ಕೂತರು. ಕೀಲಿ ತಿರುವಿದೆ. ಕಟ್ ಎಂದು ಒಂದು ಸದ್ದು, ಅಷ್ಟೇ. ಮತ್ತೆ ತಿರುವಿದರೆ ಅದೂ ಇಲ್ಲ. ಹಿಂದಿನ ಟ್ರಿಪ್ಪಿನವರೆಗೂ ಎಂಜಿನ್ನನ್ನು ಸಲೀಸಾಗಿ ತಿರುಗಿಸಿದ್ದ ಬ್ಯಾಟರಿ ಅದು. ಗಟ್ಟಿ ನೆಲದಲ್ಲಾದರೆ ನಾಲ್ಕು ಜನ ತಳ್ಳಿ ಚಾಲೂ ಮಾಡಬಹುದು. ಮರಳಿನಲ್ಲಿ ತಳ್ಳಿದಷ್ಟೂ ಚಕ್ರ ಹೂತುಕೊಂಡಿತು. ವೈರು ಜೋಡಿಸಿ ಕರೆಂಟು ತೆಗೆದುಕೊಳ್ಳೋಣವೆಂದರೆ ಹತ್ತಿರದಲ್ಲಿ ಬೇರೆ ಗಾಡಿಯಿರಲಿಲ್ಲ.

ಕೊನೆಗೆ ಕಲ್ಲಂಗಡಿ ಬೆಳೆಯುವವರ ಟ್ರ್ಯಾಕ್ಟರ್ ಸಿಕ್ಕಿತು. ಅಷ್ಟರಲ್ಲಿ ಹೊತ್ತು ಮೀರಿತ್ತು, ಹೂತ ಜೀಪನ್ನು ಎಳೆದು ಚಾಲೂ ಮಾಡುತ್ತ ಕೂರಲು ಸಮಯವಿರಲಿಲ್ಲ. ಟ್ರಾಲಿಯಲ್ಲಿ ಹುಲ್ಲು ಹಾಸಿ ಅವರನ್ನು ಮಲಗಿಸಿದೆವು. ಮಂಜಿನಲ್ಲಿ ರಸ್ತೆಯ ಬದಿಗೂ ಒಂದು ಆಟೋ ಸಿಗದೆ ಆಸ್ಪತ್ರೆಯವರೆಗೂ ಅದರಲ್ಲೇ ಹೋದೆವು. ಟ್ರಾಲಿಗೆ ಸ್ಪ್ರಿಂಗ್ ಇರುವುದಿಲ್ಲ, ಪ್ರತಿ ಕುಳಿಯೂ ನೇರ ಮೈಗೆ ತಾಗುತ್ತದೆ. ಮೈಯಲ್ಲಿ ನೀರು ತುಂಬಿ ಮೊದಲೇ ಏದುಸಿರು ಬಿಡುತ್ತಿದ್ದವರು ದಾರಿಯುದ್ದಕ್ಕೂ ಮಗಳ ಕೈ ಹಿಡಿದುಕೊಂಡೇ ಇದ್ದರು. ನಾವು ಮುಟ್ಟುವ ಹೊತ್ತಿಗೆ ಅವರ ಪಾಳಿಯ ಯಂತ್ರವನ್ನು ಬೇರೆ ರೋಗಿಗೆ ಕೊಟ್ಟಾಗಿತ್ತು. ಸಂಜೆ ಇನ್ನೊಂದು ಯಂತ್ರ ಖಾಲಿಯಾಗುವವರೆಗೆ ಕಾರಿಡಾರಿನ ಬೆಂಚಿನ ಮೇಲೆ ಕಾಯ್ದೆವು. ಅವರಿಗೆ ಮಲಗಲಾಗದು, ಕೂಡಲಾಗದು. ಒಮ್ಮೆ ನನ್ನ ಕಡೆ ತಿರುಗಿ, "ಮಲ್ಲಣ್ಣಾರ, ದನಕ್ಕೂ ಹಿಂಗ ಮಾಡಬಾರದ್ರಿ" ಎಂದರು.

ಮರುದಿನ ಬೆಳಿಗ್ಗೆ ಬಾನೆಟ್ ಎತ್ತಿದೆ. ಬ್ಯಾಟರಿ ಸತ್ತ ಕೂಡಲೇ ಹೊಸದನ್ನು ತರುವುದು ತಪ್ಪು. ಎಂಜಿನ್ ಓಡುವಾಗ ಕರೆಂಟು ಹುಟ್ಟಿಸುವ ಆಲ್ಟರ್ನೇಟರ್ ಚಾರ್ಜ್ ಮಾಡದಿದ್ದರೆ ಹೊಸದೂ ಸಾಯುತ್ತದೆ. ಟ್ರ್ಯಾಕ್ಟರಿನ ಬ್ಯಾಟರಿಗೆ ಕೇಬಲ್ ಜೋಡಿಸಿ ಎಂಜಿನ್ ಚಾಲೂ ಮಾಡಿ, ಕೇಬಲ್ ತೆಗೆದು ನೋಡಿದೆ. ಹದಿನಾಲ್ಕು ವೋಲ್ಟ್ ಬರುತ್ತಿತ್ತು, ಚಾರ್ಜಿಂಗ್ ಸರಿಯಿದೆ. ಎಂಜಿನ್ನನ್ನು ಮೊದಲು ತಿರುಗಿಸುವ ಸೆಲ್ಫ್ ಮೋಟಾರ್ ಸರಿಯಿದೆ. ಆಮೇಲೆ ಹೈಡ್ರೋಮೀಟರ್ ಹಾಕಿದೆ. ಬ್ಯಾಟರಿಯ ಆಸಿಡ್ ಎಷ್ಟು ಗಟ್ಟಿಯಿದೆ ಎಂದು ತೋರಿಸುವ ಗಾಜಿನ ಕೊಳವೆ ಅದು. ಐದು ಸೆಲ್‌ಗಳಲ್ಲಿ ಕೊಳವೆಯ ಗುಂಡು ಮೇಲಕ್ಕೆ ತೇಲಿತು, ಆರನೆಯದರಲ್ಲಿ ತಳಕ್ಕೆ ಕೂತಿತು. ಒಳಗೆ ಪ್ಲೇಟು ಕಳಚಿ ಬಿದ್ದಿತ್ತು. ಇಂಥದ್ದು ಮುನ್ಸೂಚನೆ ಕೊಟ್ಟು ಬರುವುದಿಲ್ಲ.

ಶುಕ್ರವಾರದೊಳಗೆ ಹೊಸ ಬ್ಯಾಟರಿ ಬೇಕಾಗಿತ್ತು. ಈಗಿನ ಬನಾರಸಿನಲ್ಲಿ ಇದು ಸುಲಭದ ಮಾತಲ್ಲ. ಊರೆಲ್ಲ ಇ-ರಿಕ್ಷಾ ತುಂಬಿರುವುದರಿಂದ ಅಂಗಡಿಗಳಲ್ಲಿ ಅವುಗಳ ಬ್ಯಾಟರಿಯೇ ರಾಶಿ ಬಿದ್ದಿರುತ್ತದೆ. ಲಂಕಾದ ಮೊದಲ ಅಂಗಡಿಯವನು ಅದನ್ನೇ ಮುಂದೆ ತಳ್ಳಿ, "ಬಾಬೂಜಿ, ಬೈಟ್ರೀ ತೋ ಬೈಟ್ರೀ ಹೈ" ಎಂದ. ಬ್ಯಾಟರಿ ಎಂದರೆ ಎಲ್ಲ ಒಂದೇ ಎಂಬುದು ಅವನ ವಾದ. ಒಂದೇ ಅಲ್ಲ. ಇ-ರಿಕ್ಷಾದ ಬ್ಯಾಟರಿ ಸ್ವಲ್ಪ ಸ್ವಲ್ಪ ಕರೆಂಟನ್ನು ದಿನವಿಡೀ ಕೊಡುತ್ತದೆ. ಚಳಿಯಲ್ಲಿ ಬಿಗಿದುಕೊಂಡ ಡೀಸೆಲ್ ಎಂಜಿನ್ ತಿರುಗಬೇಕಾದರೆ ನಾಲ್ಕೈದು ಸೆಕೆಂಡಿನಲ್ಲಿ ಭಾರೀ ಕರೆಂಟು ಒಮ್ಮೆಲೇ ಬೇಕು. ಇದನ್ನು ಕ್ರ್ಯಾಂಕಿಂಗ್ ಶಕ್ತಿ ಎನ್ನುತ್ತಾರೆ. ಎರಡನೆಯ ಅಂಗಡಿಯಲ್ಲಿ ಸರಿಯಾದ ಮಾದರಿಯೇ ಸಿಕ್ಕಿತು. ಆದರೆ ತಯಾರಾಗಿ ಬಹಳ ಕಾಲ ಗೋದಾಮಿನಲ್ಲಿ ಬಿದ್ದದ್ದು. ಬ್ಯಾಟರಿಯ ಕಸುವು ಅಳೆಯುವ ಲೋಡ್ ಟೆಸ್ಟರ್ ಹಚ್ಚಿದ ಕೂಡಲೇ ಮುಳ್ಳು ಕೆಳಗಿಳಿಯಿತು. ಇನ್ನೊಂದು ಕಡೆ ಇದ್ದದ್ದು ಬಲವಾಗಿತ್ತು, ಎತ್ತರ ಹೆಚ್ಚು. ಮರಳಿನಲ್ಲಿ ಕುಣಿಯುವಾಗ ಅದರ ಟರ್ಮಿನಲ್ ಬಾನೆಟ್ಟಿಗೆ ತಾಗಿದರೆ ಗಾಡಿಗೇ ಬೆಂಕಿ.

ಗುರುವಾರ ಮಧ್ಯಾಹ್ನ ಸಾರನಾಥದ ಕಡೆ ಹೋದೆ. ಅಲ್ಲಿ ಸಣ್ಣ ಸಣ್ಣ ಹೊಲಗಳಿವೆ, ಹೊಲವಿದ್ದಲ್ಲಿ ಟ್ರ್ಯಾಕ್ಟರ್ ಇರುತ್ತದೆ. ಒಂದು ಟ್ರ್ಯಾಕ್ಟರ್ ಸಾಮಾನಿನ ಅಂಗಡಿಯಲ್ಲಿ ನನಗೆ ಬೇಕಾದದ್ದು ಸಿಕ್ಕಿತು. ಹೊಸ ಮಾಲು, ಅದುರಾಟ ತಾಳುವ ದಪ್ಪ ಪ್ಲೇಟು, ಪ್ಲಸ್ ಟರ್ಮಿನಲ್ ನಮ್ಮ ಕೇಬಲ್ ಮುಟ್ಟುವ ಬದಿಗೇ ಇತ್ತು. ಟೆಸ್ಟರ್ ಹಚ್ಚಿದರೆ ಮುಳ್ಳು ಕೆಳಗಿಳಿಯಲೇ ಇಲ್ಲ. ಅಗಲ ಮಾತ್ರ ಒಂದು ಬೆರಳು ಹೆಚ್ಚು. ಆಂಗಲ್ ಪಟ್ಟಿ ಕತ್ತರಿಸಿ ಹೊಸ ಟ್ರೇ ಮಾಡಿ, ಕೆಳಗೆ ರಬ್ಬರ್ ಹಾಸಿ, ಮೇಲಿನಿಂದ ಕ್ಲ್ಯಾಂಪ್ ಬಿಗಿದೆ. ಅರ್ಥಿಂಗ್ ಪಟ್ಟಿಯ ತುಕ್ಕು ಉಜ್ಜಿದೆ. ಸಂಜೆಗೆ ಕೀಲಿ ತಿರುವಿದರೆ ಎಂಜಿನ್ ಅರ್ಧ ಸುತ್ತಿಗೇ ಹತ್ತಿಕೊಂಡಿತು. ನನ್ನ ಸರ್ವಿಸಿನಲ್ಲಿ ಅದಕ್ಕಿಂತ ಸರಿಯಾಗಿ ಒಂದು ಬ್ಯಾಟರಿಯನ್ನು ನಾನು ಆರಿಸಿ ಕೂಡಿಸಿದ್ದಿಲ್ಲ.

ಶುಕ್ರವಾರ ಬೆಳಿಗ್ಗೆ ಜೀಪನ್ನು ರುದ್ರಯ್ಯನವರ ಮನೆ ಬಾಗಿಲಿಗೇ ತಂದು ನಿಲ್ಲಿಸಿದೆ. ಎಂಜಿನ್ ಓಡುತ್ತಲೇ ಇತ್ತು. ಅವರು ಹೊರಸಿನ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಹೆಂಡತಿ ಶಾಂತವ್ವ ಕಂಬಳಿ ಮಡಚಿ ಹಿಡಿದು ನಿಂತಿದ್ದರು.

"ಅಯ್ನಾರ, ಗಾಡಿ ತಯಾರೈತ್ರಿ. ಹೊಸಾ ಬ್ಯಾಟರಿ" ಎಂದೆ.

"ಕೇಳಿಸ್ತು. ಭಾಳ ಚಂದ ಆವಾಜ್ ಐತಿ" ಎಂದರು. ಏಳಲಿಲ್ಲ.

ಪುಷ್ಪಾ ಅವರ ಮುಂದೆ ಕುಕ್ಕರಿಸಿ, ಏಳಿ ಎಂದು ಗೋಗರೆದಳು. "ಅಪ್ಪಾ, ಉಠಿಯೇ ನಾ. ಗಾಡೀ ಠೀಕ್ ಹೋ ಗಯೀ ಹೈ."

"ಗಾಡಿ ಠೀಕ್ ಆಗೇತವ್ವಾ" ಎಂದು ಅವಳ ತಲೆಯ ಮೇಲೆ ಕೈಯಿಟ್ಟರು. "ನನಗ ಸಾಕಾಗೇತಿ. ಇನ್ನ ಬರೂದಿಲ್ಲ."

ನಾನು ಹೇಳುವಷ್ಟು ಹೇಳಿದೆ. ಡಾಕ್ಟರರು ಒಂದು ಸಲವೂ ತಪ್ಪಿಸಬೇಡಿ ಎಂದದ್ದನ್ನು ನೆನಪಿಸಿದೆ. ಪುಷ್ಪಾ ಅತ್ತಳು, ಸಿಟ್ಟಾದಳು, ಫೋನಿನಲ್ಲಿ ಅಜ್ಜಾರನ್ನು ಹಿಡಿದು ಕೊಟ್ಟಳು. ಅಜ್ಜಾರು ಆ ಕಡೆಯಿಂದ ಬಹಳ ಹೊತ್ತು ಮಾತಾಡಿದರು. ರುದ್ರಯ್ಯನವರು ಎಲ್ಲವನ್ನೂ ಕೇಳಿ, "ಆಶೀರ್ವಾದ ಮಾಡ್ರಿ ಅಜ್ಜಾರ" ಎಂದಷ್ಟೇ ಹೇಳಿ ಫೋನ್ ವಾಪಸ್ಸು ಕೊಟ್ಟರು. ಶಾಂತವ್ವ ಮಡಚಿದ ಕಂಬಳಿಯನ್ನು ಬಿಡಿಸಿ ಅವರಿಗೆ ಹೊದಿಸಿದರು. ಹೊರಗೆ ಎಂಜಿನ್ ಇನ್ನೂ ಓಡುತ್ತಿತ್ತು. ಹೋಗಿ ಬಂದ್ ಮಾಡಿದೆ.

ಮುಂದಿನ ಮಂಗಳವಾರವೂ ಜೀಪು ತಂದು ನಿಲ್ಲಿಸಿದೆ. ಅವರು ಕೈಯಾಡಿಸಿ ಬೇಡವೆಂದರು. ಆಮೇಲೆ ಮಾತಾಡುವಷ್ಟು ಉಸಿರೂ ಉಳಿಯಲಿಲ್ಲ. ಆ ವಾರ ಕಳೆಯುವುದರೊಳಗೆ ತೀರಿಕೊಂಡರು. ಗೋಶಾಲೆಯ ಹಿಂದಿನ ದಿಬ್ಬದ ಮೇಲೆ ಸಮಾಧಿ ಮಾಡಿದೆವು. ನಡೆದು ಹೋಗುವ ದೂರವೇ ಆದ್ದರಿಂದ ಹೆಗಲ ಮೇಲೆ ಒಯ್ದೆವು.

ಕೆಲವು ದಿನಗಳಾದ ಮೇಲೆ ಶಾಂತವ್ವ ಹಾಲಿನ ಕ್ಯಾನ್ ಇಳಿಸುತ್ತ ಕೇಳಿದರು. "ಅಣ್ಣಾ, ಆವತ್ತ ಮಂಜಿನ ದಿನ ಗಾಡಿ ಚಾಲೂ ಆಗಿದ್ರ, ಅವರು ಸಾಕು ಅಂತಿರಲಿಲ್ಲೇನು?" ಆರೋಪದ ದನಿಯಲ್ಲ. ನಿಜಕ್ಕೂ ತಿಳಿಯಬೇಕೆಂದು ಕೇಳಿದ್ದರು.

"ಗೊತ್ತಿಲ್ಲವ್ವಾ" ಎಂದೆ. ಇವತ್ತಿಗೂ ಗೊತ್ತಿಲ್ಲ.

ಡಿಪೋದಲ್ಲಿ ನನಗೆ ಕಲಿಸಿದ್ದು, ಗಾಡಿ ಸರಿಯಾದರೆ ಕೆಲಸ ಮುಗಿಯಿತು ಎಂದು. ಆ ಮರಳಿನ ಮೇಲೆ ಕಲಿತದ್ದು ಬೇರೆ. ರಿಪೇರಿಯಿಂದ ನಾಳಿನ ಪ್ರಯಾಣ ಸರಿಹೋಗುತ್ತದೆ. ಗಾಡಿ ನಿಂತುಹೋದ ದಿನ ಒಬ್ಬ ಮನುಷ್ಯ ಅನುಭವಿಸಿದ್ದನ್ನು, ಎಂಥ ಬ್ಯಾಟರಿ ತಂದು ಕೂಡಿಸಿದರೂ, ಯಾರೂ ವಾಪಸ್ಸು ತೆಗೆದುಕೊಳ್ಳಲಾರರು.