ಕಾಡಿಗೆಯ ಕೊಂಬು

ನರ್ಸಮ್ಮನ ಚೀಲದಲ್ಲಿನ ಬಿಳಿ ಬಟ್ಟೆಯ ತುಂಡುಗಳೆಲ್ಲ ಸಂಜೆಯ ಹೊತ್ತಿಗೆ ಕಪ್ಪಾಗಿರುತ್ತಿದ್ದವು. ಅದು ಮಸ್ಕಿಯ ಕೂಸುಗಳ ಕಣ್ಣಿನ ಕಾಡಿಗೆ. ಬಾಣಂತಿಯನ್ನು ನೋಡಲು ಯಾವ ಮನೆಗೆ ಹೋದರೂ ಅವರು ಮೊದಲು ಕೈ ತೊಳೆದು, ಕಾಯಿಸಿ ಆರಿಸಿದ ನೀರಲ್ಲಿ ಬಟ್ಟೆ ಅದ್ದಿ ಕೂಸಿನ ಕಣ್ಣೊರೆಸುತ್ತಿದ್ದರು. “ಕಣ್ಣು ದೇವರು ಕೊಟ್ಟಾನ, ಮಸಿ ನೀವ್ಯಾಕ ತುಂಬ್ತೀರಿ?” ಎಂದು ಗೊಣಗುತ್ತಿದ್ದರು.

ಲಿಂಗಸುಗೂರಿನ ಬಸ್ಸಿಳಿದು ಅವರು ನಮ್ಮ ಓಣಿಗೆ ತಿರುಗಿದರೆ ಸಾಕು, ನಮ್ಮತ್ತೆ ಒಳಗಿನಿಂದಲೇ ಕೂಗುತ್ತಿದ್ದಳು.

“ಕಾಡಿಗಿ ವೈರಿ ಬಂದ್ಲು, ಡಬ್ಬಿ ಮುಚ್ಚಿಡ್ರೇ!”

“ಕೇಳಿಸ್ತವ್ವಾ. ತೆಲಿದಿಂಬಿನ ಬುಡಕ ಇಟ್ಟೀಯಲ್ಲ?” ಎನ್ನುತ್ತಲೇ ನರ್ಸಮ್ಮ ಚಪ್ಪಲಿ ಬಿಡುತ್ತಿದ್ದರು.

ನನ್ನ ಮೊದಲ ಎರಡು ಕೂಸುಗಳು ತವರೂರಾದ ಸಿಂಧನೂರಿನಲ್ಲಿ ಹುಟ್ಟಿ ತಿಂಗಳು ತುಂಬುವ ಮೊದಲೇ ಹೋದವು. ಮೂರನೆಯದನ್ನು ಎಂಬತ್ತರ ದಶಕದ ಕೊನೆಗೆ ಮಸ್ಕಿಯಲ್ಲೇ ನರ್ಸಮ್ಮನ ಕೈಯಲ್ಲಿ ಹೆತ್ತೆ. ಹೆಣ್ಣು. ಮಕ್ಕಳು ಉಳಿಯದ ಮನೆಯಲ್ಲಿ ಕೂಸನ್ನು ತಿಪ್ಪೆಯ ಮೇಲೆ ಮಲಗಿಸಿ, ಎತ್ತಿಕೊಂಡು ಬಂದು, ತಿಪ್ಪವ್ವ ಎಂದು ಹೆಸರಿಡುವುದು ನಮ್ಮ ಕಡೆಯ ರೂಢಿ. ಬೇಡವಾದದ್ದೆಂದು ಸಾವು ಅದನ್ನು ಮುಟ್ಟುವುದಿಲ್ಲವಂತೆ. ಅತ್ತೆ ಅದನ್ನೇ ಗಟ್ಟಿ ಮಾಡಿದ್ದಳು. ನನಗೆ ಆ ಹೆಸರು ಬೇಡವಾಗಿತ್ತು, ಆದರೆ ಬೇಡವೆನ್ನಲು ಅಂಜಿಕೆ. ಕೂಸಿಗೆ ಏನಾದರೂ ಆದರೆ?

ತೊಟ್ಟಿಲಿಗೆ ಹಾಕಿ ಹೆಸರಿಡುವ ದಿನ ನರ್ಸಮ್ಮನೂ ಬಂದಿದ್ದರು. ನಾನು ಮಾತು ಮರೆಸಲು ಕೇಳಿದೆ. “ನಿಮ್ಮ ಹೆಸರರ ಏನ್ರಿ? ನಾವು ಬರೇ ನರ್ಸಮ್ಮ ಅಂತೀವಿ.”

“ಕೆರೆನ್ ಹಪ್ಪೂಕ್.”

“ಯವ್ವಾ, ನನ್ನ ನಾಲಿಗಿ ಹೊಳ್ಳೂದಿಲ್ಲ ಬಿಡು,” ಎಂದಳು ಅತ್ತೆ.

ಬೈಬಲ್ಲಿನ ಹೆಸರಂತೆ. ಅವರು ಹುಟ್ಟಿದಾಗ ಮಿಶನ್ ಆಸ್ಪತ್ರೆಯ ಇಂಗ್ಲಿಷ್ ಡಾಕ್ಟರಮ್ಮ ಇಟ್ಟದ್ದು. ಇಂಗ್ಲಿಷಿನವರಲ್ಲೂ ಇದು ಅಪರೂಪ, ಇಟ್ಟರೂ ಕೆರೆನ್ ಎಂದು ಅರ್ಧವೇ ಕರೆಯುತ್ತಾರಂತೆ.

“ಅರ್ಥ ಏನ್ರಿ?”

ನರ್ಸಮ್ಮ ನಕ್ಕರು. “ಕಾಡಿಗಿ ತುಂಬಿಡೂ ಕೊಂಬು. ನಿಮ್ಮ ಡಬ್ಬಿ ಇದ್ದಂಗ.”

ಅತ್ತೆ ತೊಟ್ಟಿಲು ಹಿಡಿದು ನಕ್ಕಳು. “ಊರಾಗಿನ ಡಬ್ಬಿ ಎಲ್ಲಾ ಮುಚ್ಚಿಸ್ಯಾಳ, ತಾನಾ ಡಬ್ಬಿ!”

ನಗು ನಿಂತ ಮೇಲೆ ನರ್ಸಮ್ಮ ಮೆಲ್ಲಗೆ ಹೇಳಿದರು. “ಯೋಬ ಅಂತ ಒಬ್ಬಾಂವ ಇದ್ದ. ಗಾಳಿ ಬಡದು ಮನಿ ಬಿದ್ದು ಮಕ್ಕಳೆಲ್ಲ ಒಮ್ಮಿಗೇ ಹೋದ್ರು. ಆಮ್ಯಾಲ ಮತ್ತ ಮಕ್ಕಳಾದ್ವು. ಅವಗ ಅಂಜಿಕಿ ಇದ್ದಿಲ್ಲೇನು? ಆದ್ರೂ ಹೆಣ್ಣಮಕ್ಕಳಿಗೆ ಚೆಂದ ಚೆಂದ ಹೆಸರು ಇಟ್ಟ. ಅದ್ರಾಗ ಒಂದು ಇದು. ನಮ್ಮವ್ವಗೂ ನನ್ನಕಿಂತ ಮೊದಲಿನವು ಉಳಿದಿದ್ದಿಲ್ಲ.”

“ಇದೂ ಉಳೀಲಿಲ್ಲಂದ್ರ?” ಅತ್ತೆ ಕೇಳಿದಳು.

“ಅದು ನನ್ನ ಕೈಯಾಗಿಲ್ಲವ್ವ. ಇದ್ದಷ್ಟು ದಿನ ತಿಪ್ಪಿ ಅಂತ ಕರಿಯೂದು ಬ್ಯಾಡ.”

ಅತ್ತೆ ಹಗ್ಗ ಹಿಡಿದು ತೊಟ್ಟಿಲು ನಿಲ್ಲಿಸಿದಳು. ಆಮೇಲೆ ಬಗ್ಗಿ ಕೂಸಿನ ಕಿವಿಯಲ್ಲಿ ಚೆಲುವಿ ಎಂದಳು. ಎದ್ದವಳೇ ತಲೆದಿಂಬಿನ ಕೆಳಗಿನ ಡಬ್ಬಿ ತೆಗೆದು ಜಗಳಕ್ಕೆ ನಿಂತಳು. “ಹೆಸರು ನಿನ್ನ ಮಾತಿನಂಗ ಆತು. ದಿಷ್ಟಿಗೆ ಏನ್ ಮಾಡ್ಲಿ?”

ನರ್ಸಮ್ಮ ಕೂಸಿನ ಕಾಲನ್ನೆತ್ತಿ ಅಂಗಾಲು ತೋರಿಸಿದರು. “ಇಲ್ಲಿ ಹಚ್ಚು. ಕಣ್ಣಿಗೆ ಬ್ಯಾಡ.”

ಚೆಲುವಿ ಉಳಿದಳು. ಅವಳು ಶಾಲೆಗೆ ಹೋಗುವಾಗಲೂ ನರ್ಸಮ್ಮ ದಾರಿಯಲ್ಲಿ ಹಿಡಿದು ನಿಲ್ಲಿಸಿ, ರೆಪ್ಪೆ ಬಿಡಿಸಿ ಕಣ್ಣು ನೋಡುತ್ತಿದ್ದರು. “ಬಿಡ್ರಿ ನರ್ಸಮ್ಮ, ಪ್ರಾರ್ಥನಾ ಆಗ್ತೈತಿ,” ಎಂದು ಅವಳು ಕೊಸರಿಕೊಂಡು ಓಡುತ್ತಿದ್ದಳು.

ತೊಂಬತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ ನರ್ಸಮ್ಮ ತೀರಿಕೊಂಡರು. ನಾವು ಮೂವರೂ ಲಿಂಗಸುಗೂರಿಗೆ ಹೋದೆವು. ಬಿಳಿ ಸೀರೆ ಉಡಿಸಿ ಪೆಟ್ಟಿಗೆಯಲ್ಲಿ ಮಲಗಿಸಿದ್ದರು. ಮುಚ್ಚಳದ ಮೇಲೆ ಅವರ ಹೆಸರನ್ನು ಪೂರ್ತಿ ಬರೆದಿದ್ದರು. ಚೆಲುವಿ ಅದನ್ನು ತಡವರಿಸದೆ ಓದಿದಳು. ನನ್ನಿಂದ ಆಗಲಿಲ್ಲ.

ಅತ್ತೆಯ ಕಣ್ಣುಗಳು ಆಗಲೇ ಮಂಜಾಗಿದ್ದವು. ಚೆಲುವಿಯ ಭುಜ ಹಿಡಿದು ಪೆಟ್ಟಿಗೆಯ ಕಾಲ ಬಳಿ ಕುಳಿತು, ಎಲೆಯಡಿಕೆಯ ಸಂಚಿಯಿಂದ ಕಾಡಿಗೆ ಡಬ್ಬಿ ತೆಗೆದಳು. ಹೊದಿಕೆ ಸರಿಸಿದಳು. ಪಾದ್ರಿಗಳು ನೋಡಿ ಒಂದು ಹೆಜ್ಜೆ ಹಿಂದೆ ಸರಿದರು.

“ಸಿಟ್ಟಾಗಬ್ಯಾಡ ತಂಗಿ,” ಎಂದಳು ಅತ್ತೆ. “ಅಂಗಾಲಿಗೇ ಹಚ್ಚೀನಿ.”