ಓರಗಿತ್ತಿಯ ಟಿವಿಗಿಂತ ಎರಡಿಂಚು ದೊಡ್ಡದು

ಹುಣಸೂರಿನಲ್ಲಿ ನಮ್ಮದು ಒಂದೇ ಮನೆಗೆ ನಡುಗೋಡೆ ಎಬ್ಬಿಸಿ ಎರಡು ಮಾಡಿಕೊಂಡ ಮನೆ. ಆ ಕಡೆ ನನ್ನ ಗಂಡನ ಅಣ್ಣ ಮತ್ತು ಅವರ ಹೆಂಡತಿ, ಈ ಕಡೆ ನಾವು. ಅತ್ತೆ ನಮ್ಮ ಪಾಲಿಗೆ ಬಂದವರು. ಹಾಗಂತ ಯಾರೂ ಬರೆದುಕೊಟ್ಟಿಲ್ಲ. ಆದರೆ ಅವರ ಮಂಚ, ಎಲೆಯಡಿಕೆ ಚೀಲ, ಸಂಜೆಯ ಮಾತು ಎಲ್ಲ ನಮ್ಮ ಕಡೆಯೇ ಇತ್ತು. ಓರಗಿತ್ತಿ ನನಗಿಂತ ಬೆಳ್ಳಗೆ, ತವರಿನಿಂದ ನನಗಿಂತ ಹೆಚ್ಚು ತಂದವಳು, ಬಾಯಿ ಬಿಟ್ಟರೆ ಎದುರಿನವರು ಕರಗಬೇಕು. ಅವಳಿಗೆ ಇಷ್ಟೆಲ್ಲ ಇದ್ದರೂ ನನಗೆ ಅತ್ತೆ ಇದ್ದರು. ಅದೊಂದೇ ನನ್ನ ಹೆಚ್ಚುಗಾರಿಕೆ.

ಹೋದ ವರ್ಷ ಆ ಕಡೆಗೆ ದೊಡ್ಡದೊಂದು ಫೋರ್‌ಕೆ ಟಿವಿ ಬಂತು. ಮೊದಲ ದಿನ ಅತ್ತೆ "ವಸಿ ನೋಡ್ಕಂಡ್ ಬತ್ತೀನಿ" ಅಂತ ಹೇಳಿ ಹೋದರು. ಎರಡನೆಯ ದಿನ ಹೇಳದೆಯೇ ಹೋದರು. ವಾರ ಕಳೆಯುವಷ್ಟರಲ್ಲಿ ಎಲೆಯಡಿಕೆ ಚೀಲವೂ ಅವರ ಜೊತೆ ಹೋಯಿತು. ಗೋಡೆಯಾಚೆ ಇಬ್ಬರೂ ನಗುವುದು ಕೇಳಿಸಿದರೆ ನನ್ನ ಹೊಟ್ಟೆ ಉರಿದುಹೋಗುತ್ತಿತ್ತು. ಊಟಕ್ಕೆ ಬಂದ ಮೇಲೂ ಅದೇ ಕತೆ. "ಅಡುಗೆ ತೋರಿಸ್ತಾರೆ ಕಣವ್ವ, ಈರುಳ್ಳಿ ಸಿಪ್ಪೆ ಮೇಲಿನ ಗೆರೆನೂ ಕಾಣ್ತದೆ!" ನಾನು ಸೌಟನ್ನು ಸಾರಿನ ಪಾತ್ರೆಗೆ ಸ್ವಲ್ಪ ಜೋರಾಗಿಯೇ ಹಾಕಿದೆ.

ನಾನು ರವಿಕೆ ಹೊಲಿಯುವವಳು. ಅಳತೆಯಲ್ಲಿ ನನ್ನನ್ನು ಮೀರಿಸುವವರು ಬಿಳಿಕೆರೆಯಿಂದ ಹನಗೋಡಿನವರೆಗೂ ಇಲ್ಲ ಅನ್ನುವ ಜಂಬ ಇತ್ತು. ಒಂದು ಮಧ್ಯಾಹ್ನ ಸಕ್ಕರೆ ಕೇಳುವ ನೆಪದಲ್ಲಿ ಆ ಕಡೆ ಹೋದೆ. ಅವಳು ಒಳಗೆ ಡಬ್ಬ ತಡಕುತ್ತಿದ್ದಾಗ ಕೊರಳಲ್ಲಿದ್ದ ಟೇಪು ತೆಗೆದು, ಟಿವಿಯ ಈ ಅಂಚಿನಿಂದ ಆ ಅಂಚಿಗೆ ಹಿಡಿದೆ. ನಲವತ್ತೆಂಟು. ಮನೆಗೆ ಬಂದವಳೇ ಗಂಡನಿಗೆ, "ನಮಗೂ ಟಿವಿ ಬೇಕು. ಐವತ್ತಿಂಚಿಂದು. ಅದಕ್ಕಿಂತ ಒಂದಿಂಚೂ ಕಮ್ಮಿ ಆಗಬಾರ್ದು" ಎಂದೆ.

ಅವರು ಪೇಪರಿನಿಂದ ತಲೆಯೆತ್ತಿದರು. "ಐವತ್ತೇ ಯಾಕೆ?"

"ಕಣ್ಣಿಗೆ ಒಳ್ಳೇದಂತೆ."

ಅಂಗಡಿಯಲ್ಲಿ ಗೋಡೆ ತುಂಬ ಟಿವಿಗಳು, ಎಲ್ಲದರಲ್ಲೂ ಒಂದೇ ಗಿಣಿ ರೆಕ್ಕೆ ಬಡಿಯುತ್ತಿತ್ತು. ಅಂಗಡಿಯವನು ಪಿಕ್ಸೆಲ್ಲು ಅಂದ, ಪ್ಯಾನೆಲ್ಲು ಅಂದ. ನಾನು ಕುರ್ಚಿ ಎಳೆದುಕೊಂಡು ಒಂದು ಪಕ್ಕಕ್ಕೆ ಕುಳಿತೆ. ಅತ್ತೆಯ ಮಂಚ ಇರುವುದು ಪಕ್ಕದ ಗೋಡೆಗೆ. ಅಲ್ಲಿಂದ ನೋಡಿದರೂ ಗಿಣಿ ಹಸಿರಾಗಿಯೇ ಇರಬೇಕು. ಒಂದರಲ್ಲಿ ಬೂದಿ ಬಣ್ಣಕ್ಕೆ ತಿರುಗಿತು, ಇನ್ನೊಂದರಲ್ಲಿ ತಿರುಗಲಿಲ್ಲ. ತಿರುಗದೇ ಇದ್ದದ್ದನ್ನು ಆರಿಸಿ, "ಐವತ್ತು ತಾನೇ?" ಎಂದು ಮೂರು ಸಲ ಕೇಳಿದೆ.

"ಐವತ್ತೇ ಕಣಕ್ಕ, ಬೇಕಾದ್ರೆ ಡಬ್ಬದ್ ಮೇಲೆ ಓದ್ಕಳಿ."

ಡಿಸ್ಕ್ ಪ್ಲೇಯರ್ ಕೂಡ ಬೇಕೆಂದಾಗ ಅವನು ನಕ್ಕ. "ಎಲ್ಲಾ ಮೊಬೈಲಲ್ಲೇ ನೋಡ್ತಾರೆ. ಈಗ ಡಿಸ್ಕು ಯಾರಕ್ಕ ಆಕ್ತಾರೆ?"

ನಾನು ಹಾಕುವವಳಿದ್ದೆ. ಈ ಅಣ್ಣತಮ್ಮಂದಿರಿಬ್ಬರ ಮದುವೆ ಒಂದೇ ಚಪ್ಪರದಲ್ಲಿ, ಒಂದೇ ಮುಹೂರ್ತಕ್ಕೆ ಆಗಿತ್ತು. ಆ ಮದುವೆಯ ಡಿಸ್ಕ್ ಪಾಲಿನಲ್ಲಿ ನಮಗೆ ಬಂದು ಬೀರುವಿನಲ್ಲಿತ್ತು. ಹಿಂದೆ ಅದನ್ನು ಚಿಕ್ಕ ಟಿವಿಯಲ್ಲಿ ಎರಡು ಸಲ ನೋಡಿದ್ದೆವು, ಮುಖಗಳೆಲ್ಲ ಅವರೆಕಾಳಿನಷ್ಟು. ಆಮೇಲೆ ಪ್ಲೇಯರ್ ಕೆಟ್ಟಿತು, ಮಾವನೂ ತೀರಿಕೊಂಡರು. ಅದರಲ್ಲಿ ಮಾವ ಓಡಾಡುತ್ತಾರೆ, ಮಾತಾಡುತ್ತಾರೆ. ದೊಡ್ಡ ಟಿವಿಯಲ್ಲಿ ಅವರು ಕಂಡರೆ ಅತ್ತೆ ಆ ಕಡೆ ತಲೆಯೂ ಹಾಕುವುದಿಲ್ಲ, ಇದು ನನ್ನ ಲೆಕ್ಕಾಚಾರ. ಅಂಗಡಿಯವನು ಪಿರಿಯಾಪಟ್ಟಣದಲ್ಲಿದ್ದ ತನ್ನ ಭಾವನ ಅಂಗಡಿಗೆ ಫೋನ್ ಮಾಡಿದ. ಮಾರಾಟವಾಗದೆ ಉಳಿದಿದ್ದ ಒಂದು ಪ್ಲೇಯರ್ ಬಸ್ಸಿನಲ್ಲಿ ಬಂತು. "ಅಳೇ ಡಿಸ್ಕು ಒಸದರಂಗೆ ಕಾಣಕ್ಕಿಲ್ಲ ಕಣಕ್ಕ. ಆದ್ರೂ ಇದು ವಸಿ ತಿದ್ದಿ ತೋರಿಸ್ತದೆ" ಎಂದು ಅವನು ಮೊದಲೇ ಹೇಳಿದ.

ಟಿವಿ ಗೋಡೆಗೇರಿತು. ಅತ್ತೆ ದೂರ ನಿಂತು, ಹತ್ತಿರ ಬಂದು ನೋಡಿ, "ಚೆಂದಾಗದೆ. ಅವರ್ದಕ್ಕಿಂತ ವಸಿ ಚಿಕ್ಕದು, ಅಲ್ವೇನವ್ವ?" ಎಂದರು.

ನಾನು ಟೇಪು ಹಿಡಿದೆ. ನಲವತ್ನಾಲ್ಕು! ಟಿವಿ ಕೂರಿಸಲು ಬಂದಿದ್ದವನ ಮೇಲೆ ಹರಿಹಾಯ್ದೆ. ಅವನು ನನ್ನ ಕೈಯಿಂದ ಟೇಪು ತೆಗೆದುಕೊಂಡು ಮೇಲಿನ ಮೂಲೆಯಿಂದ ಕೆಳಗಿನ ಎದುರು ಮೂಲೆಗೆ ಓರೆಯಾಗಿ ಎಳೆದ. "ಟಿವಿ ಅಳೆಯೋದು ಇಂಗೆ ಕಣಕ್ಕ. ಪಕ್ಕದ್ ಮನೇದು ಐವತ್ತೈದು, ಅದ್ನ ಕೂರ್ಸಿದ್ದೂ ನಾನೇ." ಊರಿಗೆಲ್ಲ ಅಳತೆ ಹಿಡಿಯುವ ನಾನು ಟೇಪು ಸುತ್ತಿಟ್ಟು ಅವನಿಗೆ ಕಾಫಿ ಕೊಟ್ಟೆ.

ಡಿಸ್ಕ್ ಇತ್ತಲ್ಲ. ಭಾನುವಾರ ಸಂಜೆ ಅತ್ತೆಯನ್ನು ಕೂರಿಸಿ ಹಾಕಿದೆ. ಅವರು ತಕ್ಷಣ, "ತಡಿ, ಅವ್ಳೂ ಬರ್ಲಿ. ಅವ್ಳ್ ಮದುವೆನೂ ಅಲ್ವಾ?" ಎಂದು ಗೋಡೆ ತಟ್ಟಿ ಓರಗಿತ್ತಿಯನ್ನು ಕರೆದೇಬಿಟ್ಟರು. ಅವಳು ಬಂದು ಅತ್ತೆಯ ಆ ಪಕ್ಕ ಕುಳಿತಳು. ನಾನು ಈ ಪಕ್ಕ ಒತ್ತರಿಸಿಕೊಂಡು ಕುಳಿತೆ. ನನ್ನ ಗಂಡ ಹಿಂದೆ ಕುರ್ಚಿಯಲ್ಲಿದ್ದರು.

ಮಾವ ಬಂದರು. ಪೇಟ ಸರಿಮಾಡಿಕೊಳ್ಳುತ್ತಾ ಯಾರಿಗೋ "ಊಟ ಮಾಡ್ಕಂಡೇ ಓಗ್ಬೇಕು" ಅಂದರು. ಅತ್ತೆ ಸೆರಗನ್ನು ಬಾಯಿಗೊತ್ತಿಕೊಂಡು, ಇನ್ನೊಂದು ಕೈಯಲ್ಲಿ ನನ್ನ ಮೊಣಕಾಲು ಗಟ್ಟಿಯಾಗಿ ಹಿಡಿದರು. "ನಿಲ್ಸವ್ವ, ವಸಿ ನಿಲ್ಸು." ನಿಲ್ಲಿಸಿದೆ. ಅವರು ಹಿಡಿದದ್ದು ನನ್ನ ಮೊಣಕಾಲು, ಅವಳದ್ದಲ್ಲ. ಅಳುತ್ತಿದ್ದ ಅತ್ತೆಯ ಪಕ್ಕ ಕುಳಿತು ನಾನು ಗೆದ್ದೆ ಅಂದುಕೊಂಡೆ, ಸುಳ್ಳು ಯಾಕೆ ಹೇಳಲಿ.

ಆಮೇಲೆ ತಾಳಿ ಕಟ್ಟುವ ಹೊತ್ತು. ಕ್ಯಾಮೆರಾ ಆ ಜೋಡಿಯಿಂದ ನಮ್ಮ ಜೋಡಿಗೆ ಬಂತು, ಹತ್ತಿರ ಹತ್ತಿರ ಬಂತು. ನನ್ನ ಗಂಡ ಬಾಗಿ ಗಂಟು ಹಾಕುತ್ತಿದ್ದಾರೆ, ಅಕ್ಷತೆ ಬೀಳುತ್ತಿದೆ. ತಲೆ ತಗ್ಗಿಸಿರಬೇಕಾದ ನಾನು ಕತ್ತು ವಾಲಿಸಿ ಪಕ್ಕದ ಮದುಮಗಳ ಕಾಸಿನ ಸರವನ್ನು ನೋಡುತ್ತಿದ್ದೇನೆ. ಚೂರೂ ಕಣ್ಣು ಮಿಟುಕಿಸದೆ ನೋಡುತ್ತಿದ್ದೇನೆ. ಗೋಡೆಯಷ್ಟಗಲ ನನ್ನ ಕಣ್ಣು.

ಅತ್ತೆ ಅಳುವಿನ ನಡುವೆಯೇ ನಕ್ಕರು. "ಅಯ್ಯೋ, ತಾಳಿ ಬೀಳೋವಾಗ್ಲೂ ಅವ್ಳನ್ನೇ ನೋಡ್ತಿದ್ಯಲ್ಲವ್ವ!"

ಓರಗಿತ್ತಿ ನಗಲಿಲ್ಲ, ಕಾಣದವಳ ಹಾಗೆ ಬಳೆ ತಿರುಗಿಸುತ್ತಾ ಕುಳಿತಳು. ಆ ಒಳ್ಳೆಯತನಕ್ಕೆ ಮೈಯೆಲ್ಲ ಉರಿಯಿತು. ಡಿಸ್ಕ್ ಮುಗಿದ ಮೇಲೆ ಧಾರಾವಾಹಿಯ ಹೊತ್ತಾಯಿತೆಂದು ಅತ್ತೆ ಅವಳ ಜೊತೆ ಎದ್ದು ಆ ಕಡೆ ಹೋದರು.

ಉಳಿದವರು ನಾವಿಬ್ಬರೇ. ಗಂಡನ ಕಡೆ ತಿರುಗಲು ಮುಖವಿಲ್ಲದೆ, "ಆ ಕ್ಯಾಮೆರಾದವ್ನು ಯಾವ ಗಳಿಗೇಲಿ ತೆಗೆದ್ನೋ ಏನೋ" ಎಂದೆ.

ಅವರು ರಿಮೋಟು ಒತ್ತಿ ಟಿವಿ ಆರಿಸಿದರು. "ಅವ್ನೇನ್ ಮಾಡ್ತಾನೆ ಬುಡು. ನಾನು ಅವತ್ತೇ ನೋಡಿದ್ದೆ."